ನಾಲ್ಕು ಡಬ್ಬಿ ಉಪ್ಪು

ಕಾಯಿಲೆಗಳಲ್ಲಿ ಮರ್ಯಾದೆಯ ಕಾಯಿಲೆ, ಮರ್ಯಾದೆಗೆಟ್ಟ ಕಾಯಿಲೆ ಎಂದು ಎರಡು ಜಾತಿ ಇವೆಯೆಂದು ನಾನು ಬಹಳ ಕಾಲ ನಂಬಿದ್ದೆ. ಕಜ್ಜಿ, ಭೇದಿ, ಹಲ್ಲುನೋವು ಇವೆಲ್ಲ ಎರಡನೆಯ ಜಾತಿಯವು. ಅವು ಬಂದರೆ ಯಾರೂ ಮೋಸಂಬಿ ಹಿಡಿದುಕೊಂಡು ನೋಡಲು ಬರುವುದಿಲ್ಲ. ಬಂದವರೂ ಮುಖ ತಿರುಗಿಸಿ ನಗುತ್ತಾರೆ. ಬಿ.ಪಿ. ಹಾಗಲ್ಲ. ಅದು ತಹಸೀಲ್ದಾರರಿಗೆ, ಬ್ಯಾಂಕಿನ ಮ್ಯಾನೇಜರರಿಗೆ, ಎಣ್ಣೆ ಮಿಲ್ಲಿನ ಮಾಲೀಕರಿಗೆ ಬರುವಂಥದ್ದು. ಹೀಗಾಗಿ ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ತಲೆ ಸುತ್ತುತ್ತದೆ ಎಂದು ಹೋದ ನನಗೆ ಚಳ್ಳಕೆರೆಯ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ರಬ್ಬರ್ ಬುರುಡೆ ಒತ್ತಿ, "ನಿಮಗೆ ಬಿ.ಪಿ. ಇದೆ, ಜೋರಾಗೇ ಇದೆ" ಎಂದಾಗ, ಸುಳ್ಳೇಕೆ ಹೇಳಲಿ, ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ನಾನು ತಿಪ್ಪೇಸ್ವಾಮಿ, ಮಾರುಕಟ್ಟೆಯ ಪ್ರಾಂಗಣದಲ್ಲಿ ಶೇಂಗಾ ತೂಕ ಹಾಕುವವನು. ಅಲ್ಲಿ ದೊಡ್ಡ ಸಾಹೇಬರನ್ನು ಬಿಟ್ಟರೆ ಬಿ.ಪಿ. ಇದ್ದದ್ದು ನನಗೊಬ್ಬನಿಗೇ. ಮಾರನೆಯ ದಿನ ಚೀಲ ಹೊರುವ ಹಮಾಲರೆದುರು "ಯಾಕೋ ಬಿ.ಪಿ. ಜಾಸ್ತಿ ಆಗೈತೆ ಕಣ್ರಪ್ಪ" ಎಂದು ಹಣೆ ಒತ್ತಿಕೊಂಡು ನಾಲ್ಕು ಸಲ ಹೇಳಿದ್ದೆ. ಒಬ್ಬ ಎದ್ದು ನಿಂತು ತನ್ನ ಚೀಲದ ಮೇಲೆ ನನಗೆ ಜಾಗ ಬಿಟ್ಟುಕೊಟ್ಟ. ಅಷ್ಟು ಗೌರವ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ.

ಈ ಹೆಮ್ಮೆ ಮನೆಯ ಹೊಸ್ತಿಲು ದಾಟಲಿಲ್ಲ. ನನ್ನ ಹೆಂಡತಿ ಗಿರಿಜೆಗೆ ವಿಷಯ ಹೇಳಿದಾಗ ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವಳ ಅಪ್ಪನಿಗೂ ಬಿ.ಪಿ. ಇತ್ತು. ಒಂದು ಬೆಳಿಗ್ಗೆ ಹಲ್ಲುಜ್ಜಲು ಕೂತವರು ಹಾಗೇ ಪಕ್ಕಕ್ಕೆ ವಾಲಿ, ಎಡಗೈ ಎಡಗಾಲು ಬಿದ್ದುಹೋಗಿ, ಮೂರು ವರ್ಷ ಮಂಚ ಹಿಡಿದಿದ್ದರು. ಗಂಜಿ ಕುಡಿಸಿದ್ದೆಲ್ಲ ಇವಳೇ. ಆ ಕಥೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅದು ಅವಳ ಅಪ್ಪನ ಕಥೆ, ನನ್ನದಲ್ಲ ಎಂದುಕೊಂಡಿದ್ದೆ. ಗಿರಿಜೆ ಸೌಟು ಕೆಳಗಿಟ್ಟಳು. ಉಪ್ಪಿನಕಾಯಿಯ ಮೂರು ಜಾಡಿ, ಹಪ್ಪಳದ ಡಬ್ಬ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಆಟೋದಲ್ಲಿಟ್ಟುಕೊಂಡು, ಹಿಂದಿನ ಬೀದಿಯ ತನ್ನ ತಂಗಿಯ ಮನೆಗೆ ಕೊಟ್ಟು ಬಂದಳು. ನಡೆದರೆ ಐದು ನಿಮಿಷದ ದಾರಿಗೆ ಆಟೋ! ನಾನು ದಾರಿಯಲ್ಲಿ ಅಡ್ಡ ಹಾಕಬಹುದೆಂಬ ಅನುಮಾನ ಅವಳಿಗಿತ್ತೆಂದು ಕಾಣುತ್ತದೆ. ಅನುಮಾನ ಸರಿಯಾಗಿಯೇ ಇತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಅಡುಗೆಗೆ ಉಪ್ಪು ಹಾಕುವುದು ನಿಂತಿತು. ಗಿರಿಜೆ, ಮಗಳು ಇಬ್ಬರೂ ತಟ್ಟೆಯ ಮೂಲೆಗೆ ಚಿಟಿಕೆ ಉಪ್ಪು ಬಡಿಸಿಕೊಂಡು ಕಲಸಿ ತಿನ್ನುತ್ತಿದ್ದರು. ನನ್ನ ತಟ್ಟೆಯ ಮೂಲೆ ಖಾಲಿ. ಉಪ್ಪಿಲ್ಲದ ಬೇಳೆಸಾರನ್ನು ನೀವು ತಿಂದಿದ್ದೀರೋ ಇಲ್ಲವೋ ಗೊತ್ತಿಲ್ಲ. ನೋಡಲು ಸಾರಿನ ಹಾಗೇ ಇರುತ್ತದೆ. ವಾಸನೆಯೂ ಸಾರಿನದೇ. ಮುದ್ದೆ ಮುರಿದು, ಅದ್ದಿ, ನುಂಗಿದ ಮೇಲೆ ಮಾತ್ರ ಯಾರೋ ನಮಗೆ ಮೋಸ ಮಾಡಿದ್ದಾರೆ ಎನ್ನಿಸುತ್ತದೆ. ಮೂರು ಹೊತ್ತೂ ಹೀಗೆ ಮೋಸ ಹೋಗುತ್ತ ಎರಡು ವಾರ ಕಳೆದೆ. ಅದಕ್ಕಿಂತ ದೊಡ್ಡ ಹೊಡೆತ ಮುಂದೆ ಕಾದಿತ್ತು. ಮಾವಿನಕಾಯಿಯ ಕಾಲ ಹತ್ತಿರ ಬಂದಿತ್ತು. ಗಿರಿಜೆ ಹಾಕುವ ಮಾವಿನಕಾಯಿ ಉಪ್ಪಿನಕಾಯಿಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಅವಳು ಕುಯ್ಯುವ ಮಣೆಯನ್ನೇ ಅಟ್ಟಕ್ಕೆ ಹಾಕಿ "ಈ ವರ್ಷ ನಮ್ ಮನೇಲಿ ಉಪ್ಪಿನಕಾಯಿ ಇಲ್ಲ" ಎಂದು ಘೋಷಿಸಿದಳು. ನಾನು ಆ ಮಣೆಯನ್ನು ನೋಡಿ ಕಣ್ಣೀರು ಹಾಕಲಿಲ್ಲ, ಅಷ್ಟೇ.

ಮಾತ್ರೆ ಬರೆಸಿಕೊಳ್ಳಲು ಮತ್ತೆ ಡಾಕ್ಟರಮ್ಮನ ಬಳಿ ಹೋದಾಗ ನನ್ನ ದುಃಖವನ್ನೆಲ್ಲ ತೋಡಿಕೊಂಡೆ. ಬೆಂಗಳೂರಿನವರು, ಚಿಕ್ಕ ವಯಸ್ಸು, ಸ್ಕೂಲಿನಿಂದ ಡಾಕ್ಟರ್ ಓದುವವರೆಗೂ ಹಾಸ್ಟೆಲ್ಲಿನಲ್ಲೇ ಬೆಳೆದವರು. ನಮ್ಮೂರಿಗೆ ಬಂದು ಆಸ್ಪತ್ರೆ ಇಟ್ಟು ವರ್ಷವಾಗಿರಲಿಲ್ಲ. ರೋಗಿಗಳು ಕಡಿಮೆ ಇದ್ದಾಗ ದಪ್ಪ ಪುಸ್ತಕ ಓದುತ್ತಿದ್ದರು. ನನ್ನ ಗೋಳು ಕೇಳಿ, ಸಮಾಧಾನಕ್ಕೆಂದು ಒಂದು ಮಾತು ಹೇಳಿದರು. ಹೊರದೇಶಗಳಲ್ಲಿ ಕಪ್ಪು ಜನ, ಬಿಳಿ ಜನ, ನಮ್ಮ ಕಡೆಯಿಂದ ಹೋದ ಜನ ಎಂದು ಬೇರೆ ಬೇರೆಯಾಗಿ ಬಿ.ಪಿ. ನೋಡುತ್ತಾರಂತೆ. ಒಂದು ಜನಕ್ಕೆ ಹೆಚ್ಚು, ಇನ್ನೊಂದು ಜನಕ್ಕೆ ಕಡಿಮೆ ಇರುತ್ತದಂತೆ. ಅದು ಹುಟ್ಟಿನಿಂದ ಬಂದದ್ದೋ, ಅವರವರ ಊಟದಿಂದ ಬಂದದ್ದೋ ಎಂದು ತಿಳಿದವರೆಲ್ಲ ಇನ್ನೂ ವಾದ ಮಾಡುತ್ತಿದ್ದಾರಂತೆ. "ರಕ್ತವೋ ತಟ್ಟೆಯೋ ಅಂತ ಅಷ್ಟು ಸುಲಭವಾಗಿ ಹೇಳೋಕಾಗಲ್ಲ ತಿಪ್ಪೇಸ್ವಾಮಿಯವರೇ" ಎಂದರು. ಮುಂದೆ ಅವರು ಏನೇನೋ ಹೇಳಿದರು. ನನ್ನ ಕಿವಿ ಅಷ್ಟಕ್ಕೇ ಮುಚ್ಚಿಕೊಂಡಿತ್ತು. ನನಗೆ ಬೇಕಾದ ಪದ ಸಿಕ್ಕಿಬಿಟ್ಟಿತ್ತು. ರಕ್ತ!

ಮನೆಗೆ ಬಂದವನೇ, "ತಪ್ಪು ಉಪ್ಪಿಂದಲ್ಲ ಕಣೇ, ನಮ್ಮ ವಂಶದ ರಕ್ತಾನೇ ಅಂಥದ್ದು. ನಮ್ ಜನಕ್ಕೆ ಬಿ.ಪಿ. ಹುಟ್ಟಾ ಬರುತ್ತೆ. ಅಮೆರಿಕಾದಲ್ಲೂ ಹಂಗೇ ಐತಂತೆ" ಎಂದೆ.

"ಹಂಗಾದ್ರೆ ನಿಮ್ ವಂಶದ ರಕ್ತ ನಮ್ಮಪ್ಪಂಗೆ ಹೆಂಗ್ ಬಂತು?" ಎಂದಳು ಗಿರಿಜೆ, ಒಲೆಯ ಕಡೆಯಿಂದ ತಿರುಗದೆಯೇ.

ಇಂಥ ಪ್ರಶ್ನೆಗೆ ಉತ್ತರ ಅಮೆರಿಕಾದಲ್ಲೂ ಇರಲಿಕ್ಕಿಲ್ಲ. ಆದರೂ ಬಿಡಲಿಲ್ಲ. ಮಾರನೆಯ ದಿನ ಡಾಕ್ಟರಮ್ಮನ ಮುಂದೆ ಕೂತು, ನಮ್ಮ ತಾಲ್ಲೂಕಿನಲ್ಲೇ ಎಷ್ಟು ಬಗೆಯ ಜನ, ಎಷ್ಟು ಬಗೆಯ ಊಟ ಎಂದು ವರ್ಣಿಸಿದೆ. ಪುಸ್ತಕ ಓದುವ ಅವರಿಗೆ ಹುಮ್ಮಸ್ಸು ಬಂತು. "ನೋಡೇಬಿಡೋಣ, ನನಗೂ ಕುತೂಹಲ. ನಾಲ್ಕೇ ಮನೆ. ಒಂದೊಂದು ಮನೆಗೂ ಒಂದು ಕೇಜಿ ಉಪ್ಪು ತೂಗಿ ಕೊಡೋಣ. ಹತ್ತು ದಿನ ಬಿಟ್ಟು ಉಳಿದಿದ್ದನ್ನ ತೂಗೋಣ. ಯಾರು ಎಷ್ಟು ತಿಂತಾರೆ, ಅವರ ಬಿ.ಪಿ. ಎಷ್ಟಿದೆ, ಗೊತ್ತಾಗುತ್ತೆ. ತೂಗೋಕೆ ನೀವಿದ್ದೀರಲ್ಲ" ಎಂದರು. ನನಗೆ ಬೇಕಾದದ್ದೂ ಅದೇ. ನಮಗಿಂತ ಹೆಚ್ಚು ಉಪ್ಪು ತಿಂದು ಬಿ.ಪಿ. ಇಲ್ಲದೆ ಓಡಾಡುವ ಮೂರು ಮನೆ ತೋರಿಸಿದರೆ ಸಾಕು, ತಪ್ಪು ರಕ್ತದ್ದೆಂದು ತೀರ್ಮಾನವಾಗುತ್ತಿತ್ತು. ಹಾಗಾದರೆ ಮಾವಿನಕಾಯಿ ಕುಯ್ಯುವ ಮಣೆ ಅಟ್ಟದಿಂದ ಇಳಿಯಬೇಕು ಎಂದು ಗಿರಿಜೆಯ ಹತ್ತಿರ ಮಾತು ತೆಗೆದುಕೊಂಡೆ. "ಆಯ್ತು. ಇಲ್ಲಾಂದ್ರೆ ಮುಂದಿನ ವರ್ಷಾನೂ ಇಳಿಸಲ್ಲ, ತಿಳ್ಕಳಿ" ಎಂದು ಅವಳೂ ಕಟ್ಟಿಹಾಕಿದಳು.

ಡಾಕ್ಟರಮ್ಮ ನಾಲ್ಕು ಹೊಸ ಸ್ಟೀಲ್ ಡಬ್ಬಿ ತಂದರು. ಅಂಗಡಿಯಲ್ಲಿ ಆಗತಾನೇ ಹೆಚ್ಚಾಗಿ ಬರುತ್ತಿದ್ದ ಪ್ಯಾಕೆಟ್ಟಿನ ಪುಡಿ ಉಪ್ಪನ್ನು, ನಾನು ನನ್ನ ಚಿಕ್ಕ ತಕ್ಕಡಿಯಲ್ಲಿ ಮುಳ್ಳು ನೆಟ್ಟಗೆ ನಿಲ್ಲಿಸಿ, ಒಂದೊಂದು ಕೇಜಿ ತೂಗಿ ತುಂಬಿದೆ. ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಕೊಳ್ಳಬೇಕು. ಇಪ್ಪತ್ತು ವರ್ಷ ತೂಕ ಹಾಕಿದವನು ನಾನು. ರೈತನ ಕಡೆಗಾಗಲಿ ಖರೀದಿದಾರನ ಕಡೆಗಾಗಲಿ ಮುಳ್ಳು ಕೂದಲೆಳೆಯಷ್ಟು ವಾಲಲು ಬಿಟ್ಟವನಲ್ಲ. ಚೀಲದ ಮೇಲೆ ಒಳ್ಳೆ ಕಾಯಿ ಹಾಕಿ ಕೆಳಗೆ ಜೊಳ್ಳು ತುಂಬಿದ್ದರೆ, ಕೈ ಇಟ್ಟ ಕೂಡಲೇ ಹೇಳುತ್ತಿದ್ದೆ. "ತಿಪ್ಪೇಶಿ ತೂಕ" ಎಂದರೆ ಆ ಮೇಲೆ ಮಾತಿಲ್ಲ. ಇದನ್ನು ಈಗಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ಹೇಳಿಕೊಳ್ಳುವ ಮುಖ ನನಗೆ ಉಳಿಯುವುದಿಲ್ಲ.

ಮೊದಲ ಡಬ್ಬಿ ನನ್ನ ಗೆಳೆಯ ಬಾಷಾನ ಮನೆಗೆ ಹೋಯಿತು. ಶೇಂಗಾ ವ್ಯಾಪಾರ ಅವನದು. ವಾರಕ್ಕೆರಡು ದಿನ ಮಟನ್ನು, ದಿನಾ ಸಂಜೆ ಮಂಡಕ್ಕಿ ಜೊತೆ ಉಪ್ಪು ಸವರಿದ ಮಿರ್ಚಿ. ಅವನಿಗೆ ಬಿ.ಪಿ. ನೋಡಿದರೆ ಡಾಕ್ಟರಮ್ಮನೇ ಎರಡು ಸಲ ನೋಡುವಷ್ಟು ಸರಿಯಾಗಿತ್ತು. "ಲೇ ತಿಪ್ಪೇಶಿ, ನಂದು ದಿಲ್ ಸಾಫ್ ಐತೆ, ಅದಕ್ಕೇ ಬಿ.ಪಿ. ಇಲ್ಲ" ಎಂದು ನನ್ನ ಬೆನ್ನಿಗೆ ಗುದ್ದಿದ. ಎರಡನೆಯದು ಮೊಳಕಾಲ್ಮೂರಿನ ನೇಕಾರರ ಕೇರಿಯ ಲಕ್ಷ್ಮೀದೇವಮ್ಮನವರ ಮನೆಗೆ. ಮನೆಯವರೆಲ್ಲ ಮಗ್ಗದ ಗುಣಿಯಲ್ಲಿ ಕಾಲಿಟ್ಟು ಬೆಳಿಗ್ಗೆಯಿಂದ ಸಂಜೆಯವರೆಗೆ ರೇಷ್ಮೆ ಸೀರೆ ನೇಯುವವರು. ಅನ್ನ, ಹುಣಸೆ ಪುಳುಸು, ಆವಕಾಯಿ ಉಪ್ಪಿನಕಾಯಿ ಇಲ್ಲದೆ ಅವರಿಗೆ ಊಟವಿಲ್ಲ, ಆದರೂ ಯಾರಿಗೂ ಬಿ.ಪಿ. ಇರಲಿಲ್ಲ. ಮೂರನೆಯದು ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನ ಅಂಚಿನಲ್ಲಿ ದನ ಕುರಿ ಸಾಕಿಕೊಂಡಿದ್ದ ಓಬಜ್ಜಿಯ ಮನೆಗೆ. ಮುದ್ದೆ, ಸೊಪ್ಪು, ಮಜ್ಜಿಗೆ, ಮತ್ತೆ ಕುರಿ ಹಿಂದೆ ದಿನವಿಡೀ ನಡಿಗೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿದಾಗ ಅಜ್ಜಿ ಬಹಳ ಗಂಭೀರವಾಗಿ "ಇದನ್ನ ಎಷ್ಟು ದಿನ ಬಿಚ್ಚಬಾರ್ದು ತಾಯಿ?" ಎಂದು ಕೇಳಿದಳು. ಆಕೆಯ ಬಿ.ಪಿ. ನೋಡಿ ಡಾಕ್ಟರಮ್ಮ, "ನನಗಿಂತ ಚೆನ್ನಾಗಿದೆ" ಎಂದರು. ನಾಲ್ಕನೆಯ ಡಬ್ಬಿ ನಮ್ಮ ಮನೆಗೆ.

ಎಲ್ಲ ಕಡೆಯೂ ಡಾಕ್ಟರಮ್ಮ ಒಂದೇ ಮಾತು ಹೇಳಿದರು: "ಹತ್ತು ದಿನ ಈ ಡಬ್ಬೀದೇ ಉಪ್ಪು ಬಳಸಿ. ಆಮೇಲೆ ನಾವೇ ಬಂದು ನಮ್ಮ ಡಬ್ಬಿ ವಾಪಸ್ ತಗೊಂಡು ಹೋಗ್ತೀವಿ." ಎಲ್ಲ ಕಡೆಯೂ ಹೆಂಗಸರು ತಲೆ ಆಡಿಸಿದರು. ಆ ಕೊನೆಯ ಮಾತಿನಲ್ಲಿ ಏನು ಅಡಗಿದೆ ಎಂಬುದು ಹಾಸ್ಟೆಲ್ಲಿನಲ್ಲಿ ಬೆಳೆದ ಅವರಿಗೆ ಗೊತ್ತಾಗಲಿಲ್ಲ. ನನಗಾದರೂ ಗೊತ್ತಾಗಬೇಕಿತ್ತು. ಆದರೆ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ವಾಪಸು ಕೊಡುವ ಕೆಲಸವನ್ನು ನಾನು ಹುಟ್ಟಿದಾಗಿನಿಂದ ಒಂದು ಸಲವೂ ಮಾಡಿದವನಲ್ಲ. ಪಾತ್ರೆಯಲ್ಲಿ ಬಂದದ್ದನ್ನು ತಿನ್ನುವುದು ಮಾತ್ರ ನನ್ನ ಪಾಲಿನ ಕೆಲಸವಾಗಿತ್ತು. ಮನೆಯಲ್ಲಿ ಗಿರಿಜೆಗೆ ಮಾತ್ರ ಬಿಡಿಸಿ ಹೇಳಿದೆ: "ಇದಕ್ಕೆ ಒಂದು ಹರಳೂ ಸೇರಿಸಬಾರ್ದು. ಎಷ್ಟು ಖರ್ಚಾಗುತ್ತೋ ಅಷ್ಟು ಖರ್ಚಾಗ್ಲಿ." ಅವಳು "ಹೂಂ" ಎಂದು ಡಬ್ಬಿಯನ್ನು ಗೂಡಿನಲ್ಲಿಟ್ಟಳು. ಅಡುಗೆಗೆ ಉಪ್ಪಿಲ್ಲದ ನಮ್ಮ ಮನೆಯ ಡಬ್ಬಿ ಹೇಗಿದ್ದರೂ ಹತ್ತು ದಿನಕ್ಕೆ ಬೆರಳಷ್ಟೂ ಇಳಿಯುವುದಿಲ್ಲ, ಗೆಲುವು ನನ್ನದೇ ಎಂದು ಲೆಕ್ಕ ಹಾಕಿದೆ.

ಈಗ ತಪ್ಪೊಪ್ಪಿಗೆಯ ಭಾಗ. ಆಗ ಟಿ.ವಿ. ನಮ್ಮ ಮನೆಯಲ್ಲಿರಲಿಲ್ಲ. ಸಂಜೆ ಧಾರಾವಾಹಿ ನೋಡಲು ಗಿರಿಜೆ, ಮಗಳು ಇಬ್ಬರೂ ಪಕ್ಕದ ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ನಾನು, ಗೂಡಿನಲ್ಲಿ ಡಬ್ಬಿ. ಮೊದಲ ದಿನ ಒಂದು ಎಳೆ ಸೌತೆಕಾಯಿ ಕುಯ್ದು, ಒಂದೇ ಒಂದು ಚಿಟಿಕೆ ತೆಗೆದೆ. ಆಹಾ! ಎರಡು ವಾರ ಸುಮ್ಮನಿದ್ದ ನಾಲಿಗೆ ಎದ್ದು ಕೂತು ನನ್ನನ್ನು ಹೆಸರು ಹಿಡಿದು ಕರೆದ ಹಾಗಾಯಿತು. ಎರಡನೆಯ ದಿನ ಹಸಿ ಮಾವಿನಕಾಯಿ. ಮೂರನೆಯ ದಿನ ನೆನೆಸಿ ಬೇಯಿಸಿದ ಶೇಂಗಾ, ಅದಕ್ಕೆ ಚಿಟಿಕೆ ಸಾಲದೆ ಹಿಡಿಯನ್ನೇ ಹಾಕಿದೆ. ನಾಲ್ಕನೆಯ ದಿನದಿಂದ ಮಜ್ಜಿಗೆಯೂ ಸೇರಿತು. ಶೇಂಗಾ ಚೀಲದಿಂದ ನಾಲ್ಕು ಕಾಯಿ ಉದುರಿದರೆ ಯಾವ ತಕ್ಕಡಿಗೂ ತಿಳಿಯುವುದಿಲ್ಲ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ನಾಲ್ಕು ಕಾಯಿಯಂತೆ ನಾಲ್ಕು ನೂರು ಸಲ ಉದುರಿದರೆ ಏನಾಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಲೆಕ್ಕಕ್ಕೆ ಮಾತ್ರ ನಾನು ಹೋಗಲಿಲ್ಲ. ರಾತ್ರಿ ಊಟಕ್ಕೆ ಕೂತು ಉಪ್ಪಿಲ್ಲದ ಸಾರು ನುಂಗುವಾಗ ಮುಖ ಕಿವುಚುವುದನ್ನು ಮರೆಯುತ್ತಿರಲಿಲ್ಲ. ಗಿರಿಜೆ ನನ್ನ ಮುಖವನ್ನೇ ನೋಡಿ, "ಪಾಪ, ಸಪ್ಪೆ ಅಲ್ವೇನ್ರಿ?" ಎನ್ನುತ್ತಿದ್ದಳು. "ಏನ್ ಮಾಡೋದು, ರಕ್ತದ ಕರ್ಮ" ಎನ್ನುತ್ತಿದ್ದೆ.

ಹತ್ತು ದಿನ ಮುಗಿದ ಭಾನುವಾರ ಬೆಳಿಗ್ಗೆ, ತಕ್ಕಡಿ ಚೀಲದಲ್ಲಿಟ್ಟುಕೊಂಡು, ಡಾಕ್ಟರಮ್ಮನ ಜೊತೆ ಮೊದಲು ಬಾಷಾನ ಮನೆಗೆ ಹೋದೆ. ಅರ್ಧ ಕೇಜಿಯ ಮೇಲಂತೂ ಇವನೊಬ್ಬನೇ ತಿಂದಿರುತ್ತಾನೆಂದು ಖಾತ್ರಿಯಿತ್ತು. ಬಾಷಾನ ಹೆಂಡತಿ ಡಬ್ಬಿಯನ್ನು ಒರೆಸಿ ಹೊಳೆಯುವಂತೆ ಮಾಡಿ ತಂದುಕೊಟ್ಟರು. ಕಲ್ಲಿನ ಕಡೆ ಖಾಲಿ ಡಬ್ಬಿಯ ತೂಕವನ್ನೂ ಸೇರಿಸಿ ತಕ್ಕಡಿಗೆ ಇಟ್ಟೆ. ಮುಳ್ಳು ಒಂದು ಕೇಜಿಯ ಕಲ್ಲಿನ ಕಡೆ ಬಾಗುವ ಬದಲು ಡಬ್ಬಿಯ ಕಡೆಗೇ ಬಾಗಿತು. ತಕ್ಕಡಿ ಇಳಿಸಿ, ತಟ್ಟಿ, ಊದಿ, ಮತ್ತೆ ಹಿಡಿದೆ. ಹತ್ತು ದಿನದಲ್ಲಿ ಬಾಷಾನ ಮನೆಯ ಏಳು ಜನ ಒಂದು ಹರಳೂ ಉಪ್ಪು ತಿಂದಿರಲಿಲ್ಲ. ತಿನ್ನದಿರುವುದು ಹಾಗಿರಲಿ, ಡಬ್ಬಿ ಕೊಟ್ಟ ದಿನಕ್ಕಿಂತ ಒಂದು ಹಿಡಿಯಷ್ಟು ಹೆಚ್ಚೇ ತೂಗುತ್ತಿತ್ತು! ಬಾಷಾ ಮಾತ್ರ ಏನೂ ಅರಿಯದವನಂತೆ "ಸರಿ ಐತೇನ್ಲೇ?" ಎಂದ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಬರೆದುಕೊಂಡರು. ಉಪ್ಪು ತಿನ್ನದವನಿಗೆ ಬಿ.ಪಿ. ಇಲ್ಲ, ತಿನ್ನುವ ನನಗೆ ಇದೆ ಎಂದಾದರೆ ಗಿರಿಜೆ ಹೇಳಿದ್ದೇ ಸರಿಯಾಗಿಬಿಡುತ್ತದಲ್ಲ!

ಮೊಳಕಾಲ್ಮೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕಣ್ಣ ಮುಂದೆ ಮಾವಿನಕಾಯಿಯೇ. ಲಕ್ಷ್ಮೀದೇವಮ್ಮನವರು ಮಗ್ಗದಿಂದೆದ್ದು ಬಂದು ಚಾಪೆ ಹಾಕಿ, ಒಳಗಿನಿಂದ ಡಬ್ಬಿ ತಂದರು. ಮುಚ್ಚಳ ತೆಗೆದರೆ ಉಪ್ಪು ಕಂಠಮಟ್ಟ. ಮೇಲೆ ಒಂದು ಅರಿಶಿನದ ಕೊಂಬು, ಕಾಗದದ ಪೊಟ್ಟಣದಲ್ಲಿ ಕುಂಕುಮ. ಅವೆರಡನ್ನೂ ತೆಗೆದಿಟ್ಟು ನೋಡಿದೆ. ಇಪ್ಪತ್ತು ವರ್ಷ ಚೀಲದೊಳಗೆ ಕೈ ಹಾಕಿದ ಅಭ್ಯಾಸ, ಸುಮ್ಮನಿರಲಾಗಲಿಲ್ಲ. ಬೆರಳು ಆಳಕ್ಕೆ ಇಳಿಸಿದೆ. ಕೆಳಗಡೆ ನಾವು ಕೊಟ್ಟ ಪುಡಿ ಉಪ್ಪು. ಮೇಲೆ ಅರ್ಧದಷ್ಟು, ಕಡಲೆಕಾಳಿನ ಗಾತ್ರದ, ಅವರ ಮನೆಯ ಮಡಕೆಯ ಹರಳುಪ್ಪು!

"ಇದೇನಮ್ಮಾ, ತುಂಬಿಸಿಬಿಟ್ಟಿದ್ದೀರಲ್ಲ?" ಎಂದೆ.

ಲಕ್ಷ್ಮೀದೇವಮ್ಮನವರು ಗಲ್ಲದ ಮೇಲೆ ಬೆರಳಿಟ್ಟುಕೊಂಡು ತಮ್ಮ ಮನೆಮಾತು ತೆಲುಗಿನಲ್ಲೇ ಕೇಳಿದರು. "ಅದೇಮಿ ಸಾಮೀ ಅಟ್ಲಂಟಾರು? ಆಡಕೂತುರು ಡಬ್ಬಾ ಎವರೈನಾ ಖಾಳೀಗಾ ಪಂಪಿಸ್ತಾರಾ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. ಹೆಣ್ಣುಮಗಳ ಡಬ್ಬಿಯನ್ನು ಯಾರಾದರೂ ಖಾಲಿ ಕಳಿಸುತ್ತಾರೆಯೇ ಎಂದು ಕೇಳುತ್ತಿದ್ದಾರೆ ಎಂದು ಕನ್ನಡದಲ್ಲಿ ಹೇಳಿದೆ. ಹೇಳುತ್ತಿದ್ದಂತೆಯೇ ಬಾಷಾನ ಹೆಂಡತಿ ಒರೆಸಿ ತಂದ ಡಬ್ಬಿಯೂ ನೆನಪಾಗಿ, ನನಗೆ ನಗು, ಸಂಕಟ ಎರಡೂ ಒಟ್ಟಿಗೇ ಬಂದವು. ಡಾಕ್ಟರಮ್ಮ ಆ ಕುಂಕುಮದ ಪೊಟ್ಟಣವನ್ನು ಬಿಚ್ಚಿ, ಹಣೆಗೆ ಇಟ್ಟುಕೊಂಡು, ಲಕ್ಷ್ಮೀದೇವಮ್ಮನವರ ಕಾಲಿಗೆ ನಮಸ್ಕಾರ ಮಾಡಿದರು. ಅವರು ಹಾಸ್ಟೆಲ್ಲಿನಲ್ಲಿ ಬೆಳೆದವರು ಎಂಬ ನನ್ನ ಕೊಂಕು ಅಂದಿಗೆ ಮುಗಿಯಿತು.

"ಓಬಜ್ಜಿ ಮನೇದಾದ್ರೂ ಸರಿ ಸಿಗುತ್ತೆ ಬಿಡಿ, ಹಟ್ಟಿ ಜನ, ಇಂಥ ನಾಜೂಕೆಲ್ಲ ಅವರಿಗಿಲ್ಲ" ಎಂದು ಸಮಾಧಾನ ಹೇಳುತ್ತ ವಾಪಸು ಬಂದೆ. ಎಂಥ ದಡ್ಡ ಮಾತು! ಚಳ್ಳಕೆರೆಯಲ್ಲಿ ಆಟೋ ಹಿಡಿದು ಕಾವಲಿನ ಅಂಚಿಗೆ ಹೋದೆವು. ಅಜ್ಜಿ ಬೇವಿನ ಮರದ ಕೆಳಗೆ ಕೂತಿದ್ದಳು. ಡಬ್ಬಿ ಕೈಗೆ ಬಂದ ಕೂಡಲೇ ಭಾರದಲ್ಲೇ ಏನೋ ವ್ಯತ್ಯಾಸ ಗೊತ್ತಾಯಿತು. ಮುಚ್ಚಳ ತೆಗೆದರೆ ಉಪ್ಪೇ ಇಲ್ಲ. ತುಂಬ ತುಪ್ಪ. ಮರಳು ಮರಳಾದ, ಘಮಘಮಿಸುವ ಹಸುವಿನ ತುಪ್ಪ.

"ಅಜ್ಜಿ, ಉಪ್ಪು?"

"ಉಳಿದಿದ್ದ ಉಪ್ಪು ಮಡಕೆಗೆ ಸುರುದ್ವಿ ಕಣಪ್ಪ. ತಿಂದ ಉಪ್ಪನ್ನ ಯಾರಾನಾ ತಿರುಗಿಸಿ ಕೊಡ್ತಾರಾ? ಅಷ್ಟು ದೂರದಿಂದ ಬಂದು ಕೈ ಹಿಡಿದು ನೋಡಿದ ಮಗು, ಅದರ ಡಬ್ಬಿ ಬರಿದು ಹೆಂಗೆ ಕೊಡಾದು? ಒಳ್ಳೆ ತುಪ್ಪ ಐತೆ, ತಿನ್ನಲಿ. ನೋಡು, ಹೆಂಗ್ ಒಣಗೈತೆ ಕೂಸು" ಎಂದು ಡಾಕ್ಟರಮ್ಮನ ಮೊಣಕೈ ಹಿಡಿದು ಅಲ್ಲಾಡಿಸಿದಳು.

ಡಾಕ್ಟರಮ್ಮ ನಗಲು ಶುರುಮಾಡಿದರು. ಅಜ್ಜಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುಸ್ತಕ ತೆಗೆದು, ಅಲ್ಲಿಯವರೆಗೆ ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದು ಹಾಕಿದರು. "ಜನ ಜನಕ್ಕೆ ಏನು ವ್ಯತ್ಯಾಸ ಅಂತ ನೋಡೋಕೆ ಬಂದೆ ತಿಪ್ಪೇಸ್ವಾಮಿಯವರೇ. ಎಲ್ಲರೂ ಒಂದೇ ಥರ ಕಾಣ್ತಿದ್ದಾರೆ" ಎಂದರು. ಇಪ್ಪತ್ತು ವರ್ಷ ಈ ಜನರ ಚೀಲಗಳನ್ನು ತೂಗಿದ್ದೆ, ಒಬ್ಬೊಬ್ಬರದೂ ಒಂದೊಂದು ಜಾತಿ, ಒಂದೊಂದು ಮಾತು, ಒಂದೊಂದು ಊಟ ಎಂದು ಬಾಯಿತುಂಬ ವರ್ಣಿಸಿದ್ದೆ. ಅವರ ಹೆಂಗಸರೆಲ್ಲ ಒಂದೇ ಶಾಲೆಯಲ್ಲಿ ಕಲಿತವರಂತೆ ಡಬ್ಬಿ ತುಂಬಿಸಿ ಕೊಟ್ಟರೆ ನಾನೇನು ಮಾಡಲಿ? ಸಂತೋಷವೇ ಆಯಿತು. ಆ ಸಂತೋಷದಲ್ಲಿ ನನ್ನ ಸಂಕಟವೂ ಒಂದು ಗಳಿಗೆ ಮರೆತಿತ್ತು.

ನೆನಪಿಸಿದವರು ಡಾಕ್ಟರಮ್ಮನೇ. ಆಟೋ ಹತ್ತುತ್ತ, "ಒಂದು ಮನೇದಾದ್ರೂ ಸರಿಯಾದ ಲೆಕ್ಕ ಸಿಗುತ್ತಲ್ಲ, ನಿಮ್ಮನೇದು. ನೀವು ತೂಕದವರು, ತುಂಬಿಸೋಕೆ ಬಿಟ್ಟಿರಲ್ಲ" ಎಂದರು. "ಛೆ ಛೆ, ಆ ಮಾತೇ ಇಲ್ಲ, ಗಿರಿಜೆಗೆ ಕಟ್ಟುನಿಟ್ಟಾಗಿ ಹೇಳಿದ್ದೀನಿ" ಎಂದು ಅಭ್ಯಾಸಬಲದಿಂದ ಜಂಬ ಕೊಚ್ಚಿದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಚಿಟಿಕೆಗಳೆಲ್ಲ ನೆನಪಾದವು. ಆಟೋ ಗುಂಡಿ ಹಾರಿದಾಗಲೆಲ್ಲ ಒಂದೊಂದು ಲೆಕ್ಕ ತಲೆಗೆ ಬರುತ್ತಿತ್ತು. ಸೌತೆಕಾಯಿಗೆ ಇಷ್ಟು. ಶೇಂಗಾಕ್ಕೆ ಅಷ್ಟು. ಮಜ್ಜಿಗೆಗೆ? ಅಡುಗೆಗೇ ಉಪ್ಪು ಹಾಕದ ಮನೆಯ ಡಬ್ಬಿ ಅರ್ಧಕ್ಕಿಳಿದಿದ್ದರೆ, ಅದನ್ನು ತಿಂದದ್ದು ಗೂಡಿನ ಇಲಿ ಎಂದರೆ ನಂಬುವವರಾರು? ಅದೂ ನನ್ನದೇ ತಕ್ಕಡಿ, ನನ್ನದೇ ಕೈ, ನೋಡುವವಳು ಗಿರಿಜೆ. ಮಾವಿನಕಾಯಿ ಹೋದರೆ ಹೋಗಲಿ, ಇಪ್ಪತ್ತು ವರ್ಷದ ತಿಪ್ಪೇಶಿ ತೂಕದ ಮಾನ ಉಳಿಯಲಿ ಎಂದು ಊರ ದೇವರಿಗೆಲ್ಲ ಹರಕೆ ಹೊತ್ತೆ. ಮುಂದಿನ ತಿರುವಿನಲ್ಲಿ ಇಳಿದು, ಓಡಿಹೋಗಿ ಒಂದು ಹಿಡಿ ಸುರಿದುಬಿಡೋಣವೇ ಎಂದೂ ಯೋಚಿಸಿದೆ. ಬಿ.ಪಿ. ಇದ್ದವರು ಓಡಬಾರದೆಂದು ಡಾಕ್ಟರಮ್ಮನೇ ಹೇಳಿದ್ದರು.

ಗಿರಿಜೆ ಇಬ್ಬರಿಗೂ ನೀರು ಕೊಟ್ಟಳು. ಗೂಡಿನಿಂದ ಡಬ್ಬಿ ತಂದಳು. ಅವಳ ಕೈ ನೋಡಿದೆ, ಮುಖ ನೋಡುವ ಧೈರ್ಯ ಬರಲಿಲ್ಲ. ತಕ್ಕಡಿ ಎತ್ತಿ ಹಿಡಿದೆ. ಮುಳ್ಳು ಆ ಕಡೆ ಹೋಯಿತು, ಈ ಕಡೆ ಬಂತು, ನೆಟ್ಟಗೆ ನಿಂತಿತು. ಒಂದು ಕೇಜಿ! ಮುಚ್ಚಳ ತೆಗೆದೆ. ಮೇಲುಗಡೆ ಅರ್ಧಕ್ಕೂ ಹೆಚ್ಚು, ಬೆಳ್ಳಗೆ ಹೊಳೆಯುವ ಹರಳುಪ್ಪು.

"ನೀವೂನಾ ಗಿರಿಜಮ್ಮ!" ಎಂದು ಡಾಕ್ಟರಮ್ಮ ಮತ್ತೆ ನಗಲು ಶುರುಮಾಡಿದರು.

"ನಿಮ್ ಡಬ್ಬಿ ಅಲ್ವಾ ಡಾಕ್ಟರಮ್ಮ, ಕಮ್ಮಿ ಮಾಡಿ ಹೆಂಗ್ ಕೊಡ್ಲಿ?" ಎಂದಳು ಗಿರಿಜೆ, ಏನೂ ಗೊತ್ತಿಲ್ಲದ ಹಳ್ಳಿ ಹೆಂಗಸಿನಂತೆ ಸೆರಗು ಎಳೆದುಕೊಂಡು. ಡಾಕ್ಟರಮ್ಮ ಹೊರಡುವ ಮುಂಚೆ ನನಗೆ ಇನ್ನೊಂದು ಸಲ ಪಟ್ಟಿ ಸುತ್ತಿದರು. ಬಿ.ಪಿ. ಇಳಿದಿರಲಿಲ್ಲ, ಒಂದು ಮೆಟ್ಟಿಲು ಏರಿತ್ತು. "ಆಶ್ಚರ್ಯ, ಇಷ್ಟು ಪಥ್ಯ ಮಾಡಿದ್ರೂ..." ಎಂದು ಮಾತ್ರೆ ಬದಲಾಯಿಸಿ ಬರೆದುಕೊಟ್ಟು ಹೋದರು. ಗಿರಿಜೆ ಆ ಚೀಟಿಯನ್ನು ಬಹಳ ಹೊತ್ತು ನೋಡುತ್ತ ನಿಂತಳು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

"ಯಾವತ್ತಿಂದ ಗೊತ್ತು?" ಎಂದು ಕೇಳಿದೆ.

"ಎರಡನೇ ದಿನದಿಂದ. ಕದ್ದು ತಿನ್ನೋರು ಸೌತೆಕಾಯಿ ಸಿಪ್ಪೇನಾದ್ರೂ ದೂರ ಬಿಸಾಕಬಾರ್ದೇನ್ರಿ? ಕಿಟಕಿ ಕೆಳಗೇ ಹಾಕಿದ್ರಿ."

"ಮತ್ತೆ ತುಂಬಿಸಬೇಡ ಅಂದಿದ್ನಲ್ಲ?"

"ಇನ್ನೇನ್ ಮಾಡ್ಲಿ? ಊರ ಶೇಂಗಾ ತೂಗೋ ಮನುಷ್ಯ, ಡಾಕ್ಟರಮ್ಮನ ಮುಂದೆ ತನ್ನ ತಕ್ಕಡೀಲೇ ಸಿಕ್ಕಾಕ್ಕಂಡ್ರೆ ನನ್ ಕೈ ಕಾಲು ಆಡುತ್ತಾ?" ಎಂದಳು. ನಾನು ನಗಬಹುದೇನೋ ಎಂದುಕೊಂಡೆ. ಅಷ್ಟರಲ್ಲಿ ಅವಳ ದನಿ ಒಡೆಯಿತು. "ಡಬ್ಬಿ ಖಾಲಿ ಆದ್ರೆ ಅಂಗಡಿಯಿಂದ ತಂದು ತುಂಬಿಸ್ತೀನಿ ರೀ. ನೀವು ಕುಂತ್ಕಣೋ ಜಾಗ ಖಾಲಿ ಆದ್ರೆ ಏನ್ ತಂದು ತುಂಬಿಸ್ಲಿ?"

ಅದುವರೆಗೆ ನಾನು ಹೊತ್ತು ತಿರುಗುತ್ತಿದ್ದ ಮರ್ಯಾದೆಯ ಕಾಯಿಲೆ ಅವತ್ತು ನನಗೆ ಬರೀ ಕಾಯಿಲೆಯಾಗಿ ಕಂಡಿತು. ಹೆದರಿಕೆಯೂ ಆಯಿತು, ನಾಚಿಕೆಯೂ ಆಯಿತು, ಇಂಥವಳು ನನ್ನ ಪಾಲಿಗೆ ಬಂದಳಲ್ಲ ಎಂದು ಹೇಳಲಾಗದಷ್ಟು ಖುಷಿಯೂ ಆಯಿತು. ರಕ್ತದ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಅದರಲ್ಲಿ ನಿಜವಿದೆಯೋ ಇಲ್ಲವೋ ತಿಳಿದವರು ಇನ್ನೂ ವಾದಿಸುತ್ತಿರಬಹುದು. ನನ್ನ ವಿಷಯದಲ್ಲಿ ಮಾತ್ರ ತೀರ್ಪು ಸೌತೆಕಾಯಿ ಸಿಪ್ಪೆಯಲ್ಲೇ ಆಗಿಹೋಗಿತ್ತು. ಮೂರು ತಿಂಗಳಿಗೆ ಬಿ.ಪಿ. ಇಳಿದು ನೆಟ್ಟಗಾಯಿತು. ಡಾಕ್ಟರಮ್ಮ "ಸ್ವಲ್ಪ ಉಪ್ಪು ಕೊಡಬಹುದು" ಎಂದು ಗಿರಿಜೆಗೆ ಒಂದು ಅಳತೆ ಹೇಳಿದರು. ಅವಳು ಅಂದೇ ನನ್ನ ಚಿಕ್ಕ ತಕ್ಕಡಿಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿಕೊಂಡಳು. ಬಾಷಾ ಅದನ್ನು ನೋಡಿ, "ಲೇ, ನಿನ್ ಲೈಸೆನ್ಸು ಭಾಭಿಗೆ ಬರ್ಕೊಟ್ಟುಬಿಡು" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕ.

ಮುಂದಿನ ವರ್ಷ ಗಿರಿಜೆ ತನ್ನ ಮಾತನ್ನು ತಾನೇ ಸಡಿಲಿಸಿ ಮಾವಿನಕಾಯಿ ಕುಯ್ಯುವ ಮಣೆಯನ್ನು ಅಟ್ಟದಿಂದ ಇಳಿಸಿದಳು. ಇವತ್ತಿಗೂ ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಿರಿಜೆ ತಕ್ಕಡಿ ಹಿಡಿದು ನಿಂತಿರುತ್ತಾಳೆ. ಒಂದು ಕಡೆ ಪುಟ್ಟ ತೂಕದ ಕಲ್ಲು, ಇನ್ನೊಂದು ಕಡೆ ಆ ದಿನದ ನನ್ನ ಪಾಲಿನ ಉಪ್ಪು. ಉಪ್ಪಿನಕಾಯಿ ಬೇಕೆಂದರೆ ಅದರಲ್ಲೇ ಕಳೆಯಬೇಕು. ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಒಂದೊಂದೇ ಹರಳು ತೆಗೆದು ಡಬ್ಬಿಗೆ ಹಾಕುವ ಅವಳ ಕೈಯನ್ನು ನೋಡುತ್ತ, ಜನ್ಮದಲ್ಲಿ ಯಾರ ಕಡೆಗೂ ಮುಳ್ಳು ವಾಲಲು ಬಿಡದ ನಾನು, "ಗಿರಿಜಾ, ಗಿರಾಕಿ ಕಡೆಗೆ ಒಂಚೂರು ಬಾಗಲಿ ಕಣೇ" ಎಂದು ದಿನಾ ಬೇಡಿಕೊಳ್ಳುತ್ತೇನೆ.

"ಆಗಲ್ಲ ರೀ" ಎನ್ನುತ್ತಾಳೆ, ಕಣ್ಣು ಮುಳ್ಳಿನ ಮೇಲಿಂದ ತೆಗೆಯದೆ. "ಇದು ತಿಪ್ಪೇಶಿ ತೂಕ."